ಹಳೆ ಕಟ್ಟಡ, ಹೊಸ ಕಲೆ: ಮ್ಯೂಸಿಯಂಗೆ ಹೋದಾಗ ಮೊದಲು ನೆಲ ನೋಡಿ

ಹನ್ನೊಂದು ವರ್ಷ ನಾನು ಒಂದು ಮ್ಯೂಸಿಯಂನಲ್ಲಿ ಕಲಾಕೃತಿ ತೂಗುಹಾಕುವ ಕೆಲಸ ಮಾಡಿದೆ. ಏಣಿ, ಟೇಪು, ರಸಮಟ್ಟ, ಕೈಗವಸು, ಒಂದು ಡಬ್ಬಿ ಸ್ಕ್ರೂ. ಇಷ್ಟೇ ನನ್ನ ಸಾಮಾನು. ಕಟ್ಟಡ ನೂರು ವರ್ಷ ದಾಟಿದ ದೊಡ್ಡ ಬಂಗಲೆ. ಒಳಗೆ ಇಡುತ್ತಿದ್ದದ್ದು ಮಾತ್ರ ಈಗಿನ ಕಲಾವಿದರ ಕೆಲಸ: ವಿಡಿಯೊ, ಟ್ಯೂಬ್‌ಲೈಟು, ಹಳೆ ಬಟ್ಟೆಯ ರಾಶಿ, ಮಣ್ಣು, ತುಕ್ಕು ಹಿಡಿದ ತಗಡು.

ಬಲ್ಬು ಬದಲಿಸಲು ಏಣಿ ಹತ್ತಿದಾಗ ಜನ ಹೇಗೆ ನೋಡುತ್ತಾರೆ ಅನ್ನೋದು ಚೆನ್ನಾಗಿ ಕಾಣುತ್ತದೆ. ಹೆಚ್ಚಿನವರು ಕೋಣೆಗೆ ಬಂದ ಕೂಡಲೇ ಲೇಬಲ್ ಹುಡುಕುತ್ತಾರೆ. ಅದನ್ನು ಓದಿ, ಕಲಾಕೃತಿ ಕಡೆ ಒಮ್ಮೆ ಕಣ್ಣು ಹಾಯಿಸಿ, ಮುಂದಿನ ಲೇಬಲ್‌ಗೆ ಹೋಗುತ್ತಾರೆ. ಹೊರಡುವಾಗ ಹೇಳುವ ಮಾತೂ ಹೆಚ್ಚುಕಮ್ಮಿ ಒಂದೇ: "ಬಿಲ್ಡಿಂಗ್ ಚೆನ್ನಾಗಿದೆ. ಒಳಗಿಟ್ಟಿರೋದು ಒಂದೂ ಅರ್ಥ ಆಗ್ಲಿಲ್ಲ." ಇದು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಂಕಟ ಆಗುತ್ತಿತ್ತು. ಇಂಥ ಜಾಗದಲ್ಲಿ ಬಿಲ್ಡಿಂಗ್ ಮನಸ್ಸಿಗೆ ಹಿಡಿಸಿದವರು ಅರ್ಧ ದಾರಿ ಆಗಲೇ ಬಂದಿರುತ್ತಾರೆ. ಉಳಿದರ್ಧ ದಾರಿಯನ್ನು ಯಾರೂ ತೋರಿಸಿರುವುದಿಲ್ಲ, ಅಷ್ಟೇ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ.

ಹೋಗುವ ಮೊದಲು ಒಂದು ಪ್ರಶ್ನೆ

"ಇದು ಮೊದಲು ಏನಾಗಿತ್ತು?" ಇದನ್ನು ತಿಳಿದುಕೊಂಡು ಹೋಗಿ. ಕಲೆಯ ಇತಿಹಾಸ ಓದುವುದು ಬೇಡ. ಈ ಒಂದು ಉತ್ತರ ಸಾಕು.

ಲಂಡನ್ನಿನ ಟೇಟ್ ಮಾಡರ್ನ್ ಒಂದು ಕಾಲದಲ್ಲಿ ವಿದ್ಯುತ್ ಸ್ಥಾವರ. ಹೆಸರು ಬ್ಯಾಂಕ್‌ಸೈಡ್. 1981ರಲ್ಲಿ ಮುಚ್ಚಿತು, 2000ದಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಬರ್ಲಿನ್‌ನ ಹ್ಯಾಂಬರ್ಗರ್ ಬಾನ್‌ಹೋಫ್ ರೈಲ್ವೆ ನಿಲ್ದಾಣವಾಗಿತ್ತು. ರೈಲು ಬಂದದ್ದು 1846ರಲ್ಲಿ, ಸಮಕಾಲೀನ ಕಲೆ ಬಂದದ್ದು 1996ರಲ್ಲಿ. ನ್ಯೂಯಾರ್ಕಿನ ಪಿ.ಎಸ್. 1 ಹಳೆಯ ಸರ್ಕಾರಿ ಶಾಲೆ. ವೆನಿಸ್‌ನ ಪುಂಟಾ ಡೆಲ್ಲಾ ದೊಗಾನಾ ಸುಂಕದ ಕಟ್ಟೆ. ಮ್ಯಾಡ್ರಿಡ್‌ನ ರೇನಾ ಸೋಫಿಯಾ 18ನೇ ಶತಮಾನದ ಆಸ್ಪತ್ರೆ. ಮುಂಬೈಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇರುವುದು 1911ರ ಕಾವಸ್‌ಜಿ ಜಹಾಂಗೀರ್ ಸಭಾಂಗಣದಲ್ಲಿ. ಬೆಂಗಳೂರಿನದು ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ, 2009ರಿಂದ.

ಈ ಉತ್ತರ ಗೊತ್ತಿದ್ದರೆ ಕಟ್ಟಡದ ಆಕಾರಕ್ಕೆ ಕಾರಣ ಸಿಗುತ್ತದೆ. ಆಸ್ಪತ್ರೆ ಅಂದರೆ ಗಾಳಿ ಬೇಕು, ಅದಕ್ಕೇ ಎತ್ತರದ ಚಾವಣಿ, ಅಂಗಳದ ಸುತ್ತ ಉದ್ದುದ್ದ ಮೊಗಸಾಲೆ. ಉಗ್ರಾಣ ಅಂದರೆ ಕಿಟಕಿ ಕಮ್ಮಿ, ಬಾಗಿಲು ದೊಡ್ಡದು. ಶಾಲೆ ಅಂದರೆ ಒಂದೇ ಅಳತೆಯ ಕೋಣೆಗಳು ಸಾಲಾಗಿ ಬರುತ್ತವೆ. ಮನೆ ಅಂದರೆ ಕೋಣೆಗೊಂದು ಅಳತೆ: ಅತಿಥಿಗಳಿಗೆ ದೊಡ್ಡದು, ಆಳುಗಳಿಗೆ ಚಿಕ್ಕದು. ಮನೆಯಾಗಿದ್ದ ಮ್ಯೂಸಿಯಂಗೆ ಹೋದರೆ ಆ ಚಿಕ್ಕ ಕೋಣೆಗಳನ್ನು ಬಿಡಬೇಡಿ. ಕಲಾವಿದರು ತಾವಾಗಿಯೇ ಕೇಳಿ ತೆಗೆದುಕೊಳ್ಳುತ್ತಿದ್ದದ್ದು ಅವನ್ನೇ. ಹಜಾರದಲ್ಲಿ ಕಟ್ಟಡವೇ ಜೋರಾಗಿ ಮಾತಾಡುತ್ತದೆ. ಮೂಲೆ ಕೋಣೆಯಲ್ಲಿ ಕಲಾವಿದರ ಮಾತು ಕೇಳುತ್ತದೆ.

ಇನ್ನೊಂದು ವಿಷಯ. ಹೊರಡುವ ಮುಂಚೆ ಫೋನ್ ಮಾಡಿ, ಪ್ರದರ್ಶನ ಬದಲಾಗುವ ವಾರ ಅಲ್ಲ ತಾನೇ ಅಂತ ಕೇಳಿಕೊಳ್ಳಿ. ಸಮಕಾಲೀನ ಕಲೆಯ ಮ್ಯೂಸಿಯಂಗಳಲ್ಲಿ ಒಂದು ಪ್ರದರ್ಶನ ಇಳಿಸಿ ಇನ್ನೊಂದು ಏರಿಸುವುದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಆಗ ಅರ್ಧ ಕೋಣೆಗಳು ಮುಚ್ಚಿರುತ್ತವೆ. ದೂರದಿಂದ ಬಂದವರು ಹಗ್ಗ ಕಟ್ಟಿದ ಬಾಗಿಲ ಮುಂದೆ ನಿಂತು ವಾಪಸ್ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮೊದಲ ಹತ್ತು ನಿಮಿಷ

ಒಳಗೆ ಕಾಲಿಟ್ಟ ಮೇಲೆ ಹತ್ತು ನಿಮಿಷ ಯಾವ ಕಲಾಕೃತಿಯನ್ನೂ ನೋಡಬೇಡಿ. ಕಷ್ಟ, ಅಲ್ವಾ? ಆದರೂ ಮಾಡಿ. ನೆಲ ನೋಡಿ.

ನಮ್ಮ ಮ್ಯೂಸಿಯಂನ ಪೂರ್ವದ ಕೋಣೆಯದು ಕಾವಿ ನೆಲ, ಕೈ ಹಾಕಿದರೆ ಜಾರುವಷ್ಟು ನುಣುಪು. ಬಾಗಿಲ ಹತ್ತಿರ ಅದರ ಮೇಲೆ ಒಂದು ಗೀರು. ಕಾಲು ವೃತ್ತದ ಆಕಾರ, ಕಂಪಾಸಿನಲ್ಲಿ ಎಳೆದ ಹಾಗೆ. ಬಾಗಿಲ ಕದ ಜೋತುಬಿದ್ದು, ದಿನಾ ತೆರೆದು ಮುಚ್ಚಿ, ವರ್ಷಗಟ್ಟಲೆ ಉಜ್ಜಿ ಆದ ಗೀರು ಅದು. ಕದ ಈಗ ಇಲ್ಲ. ಬಾಗಿಲವಾಡವೂ ಇಲ್ಲ, ಅಲ್ಲಿ ಗೋಡೆ ಒಡೆದು ಅಗಲ ಮಾಡಿದ್ದಾರೆ. ಗೀರು ಮಾತ್ರ ಉಳಿದಿದೆ. ಮಂಡಿಯೂರಿ ಬೆರಳಿಟ್ಟರೆ ಒಂದು ತುದಿಯಲ್ಲಿ ಆಳ ಜಾಸ್ತಿ, ಇನ್ನೊಂದು ತುದಿಗೆ ಹೋಗುತ್ತಾ ತೆಳುವಾಗಿ ಮಾಯ ಆಗುತ್ತದೆ. ಅಂದರೆ ಕದ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಎಲ್ಲಿ ತಾಗುತ್ತಿತ್ತು ಎಲ್ಲವೂ ಗೊತ್ತಾಗುತ್ತದೆ. ನನಗೆ ಆ ಕೋಣೆಯಲ್ಲಿ ಅತಿ ಇಷ್ಟವಾದದ್ದು ಈ ಗೀರು.

ಈ ಥರ ನೆಲ ನೋಡುವುದು ಅಭ್ಯಾಸ ಆದರೆ ಕೆಲವು ದೊಡ್ಡ ಕಲಾಕೃತಿಗಳು ತಾವೇ ಬಾಯಿಬಿಡುತ್ತವೆ. 2007ರಲ್ಲಿ ಕೊಲಂಬಿಯಾದ ಕಲಾವಿದೆ ಡೋರಿಸ್ ಸಾಲ್ಸೆಡೊ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲ್‌ನಲ್ಲಿ, ಅಂದರೆ ಹಿಂದೆ ವಿದ್ಯುತ್ ಯಂತ್ರಗಳಿದ್ದ ದೊಡ್ಡ ಹಜಾರದಲ್ಲಿ, ಏನನ್ನೂ ತಂದು ಇಡಲಿಲ್ಲ. ನೆಲದಲ್ಲಿ ಬಿರುಕು ಮಾಡಿದರು. ಒಂದು ತುದಿಯಲ್ಲಿ ಕೂದಲೆಳೆಯಷ್ಟು, ಮುಂದೆ ಹೋದಂತೆ ಕಾಲು ಸಿಕ್ಕಿಕೊಳ್ಳುವಷ್ಟು. ಉದ್ದ 167 ಮೀಟರ್. ಯಾರು ಒಳಗಿನವರು, ಯಾರನ್ನು ಹೊರಗಿಟ್ಟಿದ್ದೇವೆ ಅನ್ನುವ ಪ್ರಶ್ನೆಯನ್ನು ಅವರು ಕಾಂಕ್ರೀಟಿನಲ್ಲೇ ಕೇಳಿದರು. ಪ್ರದರ್ಶನ ಮುಗಿದ ಮೇಲೆ ಬಿರುಕನ್ನು ತುಂಬಿದರು. ಆದರೆ ಗಾಯದ ಗುರುತಿನ ಹಾಗೆ ಗೆರೆ ಉಳಿಯಿತು. ನಮ್ಮ ಕೋಣೆಯ ಗೀರು ತಾನಾಗಿ ಆದದ್ದು, ಇದು ಬೇಕೆಂದೇ ಮಾಡಿದ್ದು. ಆದರೂ ಎರಡನ್ನೂ ಓದುವ ಕಣ್ಣು ಒಂದೇ.

ನೆಲ ಆದ ಮೇಲೆ ಚಾವಣಿ. ತೊಲೆಗಳು ಎಲ್ಲಿ ನಿಲ್ಲುತ್ತವೆ ನೋಡಿ. ಸಾಲು ಮಧ್ಯದಲ್ಲಿ ತುಂಡಾದರೆ ಅಲ್ಲಿ ಗೋಡೆ ಇತ್ತು ಅಂತ ಅರ್ಥ. ಆಮೇಲೆ ಕಿಟಕಿ. ಮುಚ್ಚಿದ್ದಾರಾ, ತೆರೆದಿದ್ದಾರಾ, ಪರದೆ ಹಾಕಿದ್ದಾರಾ? ಇಷ್ಟು ಸಾಕು.

ಹಳತೂ ಹೊಸತೂ ಸೇರುವ ಗೆರೆ ಹುಡುಕಿ

ನನಗೆ ಕೇಳಿದರೆ ಇಡೀ ಕಟ್ಟಡದಲ್ಲಿ ಮುಖ್ಯವಾದ ಜಾಗ ಇದು. ಹಳೆ ಗೋಡೆಗೂ ಹೊಸ ಕೆಲಸಕ್ಕೂ ನಡುವೆ ಏನು ಮಾಡಿದ್ದಾರೆ?

ಹಳೆ ಕಟ್ಟಡಗಳ ಗೋಡೆ ಸುಣ್ಣದ ಗಾರೆಯದು. ಅದಕ್ಕೆ ಡ್ರಿಲ್ಲು ಹಾಕಿದರೆ ತೂತು ಒಂದು ಇಂಚು ಕೇಳಿದಲ್ಲಿ ಮೂರು ಇಂಚು ಉದುರುತ್ತದೆ. ಮೊಳೆ ಹಿಡಿಯುವುದಿಲ್ಲ. ಅದೂ ಅಲ್ಲದೆ ಸಂರಕ್ಷಿತ ಕಟ್ಟಡವಾದರೆ ಮೂಲ ಗೋಡೆಗೆ ಮೊಳೆ ಹೊಡೆಯುವುದಕ್ಕೆ ಅಪ್ಪಣೆಯೇ ಸಿಗುವುದಿಲ್ಲ. ಅದಕ್ಕೆ ನಾವು ಪ್ಲೈವುಡ್ಡಿನ ಸುಳ್ಳು ಗೋಡೆ ಕಟ್ಟುತ್ತಿದ್ದೆವು. ಅದು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಹಳೆ ಗೋಡೆಗೆ ಒರಗಬಾರದು, ಚಾವಣಿಗೆ ತಾಗಬಾರದು. ನೆಲದಿಂದಲೂ ಎರಡು ಬೆರಳು ಮೇಲೆ. ಆ ಎರಡು ಬೆರಳಿನ ಸಂದಿಯಲ್ಲಿ ನೆರಳು ಕಪ್ಪು ಗೆರೆಯ ಹಾಗೆ ಕೂರುತ್ತದೆ. ಬಿಳಿ ಗೋಡೆ ತೇಲುತ್ತಿದೆಯೇನೋ ಅನ್ನಿಸುತ್ತದೆ. ಹಳೆ ಗೋಡೆಗೆ ಉಸಿರಾಡಲು ಜಾಗ ಸಿಗುತ್ತದೆ. ಗಾರೆಯ ಗೋಡೆ ತೇವ ಹೀರುತ್ತದೆ, ಬಿಡುತ್ತದೆ. ಪ್ಲೈವುಡ್ ಅಂಟಿಸಿ ಮುಚ್ಚಿಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಹಿಂದೆಲ್ಲಾ ಬೂಷ್ಟು.

ನೀವು ಹೋದ ಕಡೆ ಆ ಸಂದಿ ಹುಡುಕಿ. ಬಗ್ಗಿ ನೋಡಿ. ಚೊಕ್ಕಟವಾಗಿ ಬಿಟ್ಟಿದ್ದರೆ ಅಲ್ಲಿ ಕೆಲಸ ಮಾಡಿದವರಿಗೆ ಕಟ್ಟಡದ ಮೇಲೆ ಗೌರವ ಇದೆ. ಹಳೆ ಕಂಬಕ್ಕೇ ಬೋಲ್ಟು ಬಿಗಿದಿದ್ದರೆ ಇಲ್ಲ.

ಹೊಸದಾಗಿ ಸೇರಿಸಿದ್ದು ಹಳೆಯದರ ಜೊತೆ ಹೊಂದಬೇಕು, ಆದರೆ ಹಳೆಯದೇ ಅಂತ ಮೋಸ ಮಾಡಬಾರದು ಅನ್ನುವ ಮಾತು 1964ರ ವೆನಿಸ್ ಸನ್ನದಿನಲ್ಲಿದೆ. ಸ್ಮಾರಕ ಸಂರಕ್ಷಣೆ ಮಾಡುವವರೆಲ್ಲ ಇವತ್ತಿಗೂ ಅದನ್ನು ಹಿಡಿದು ಮಾತಾಡುತ್ತಾರೆ. ಪ್ಯಾರಿಸ್‌ನ ಬೂರ್ಸ್ ದ ಕೊಮರ್ಸ್‌ನಲ್ಲಿ ಇದು ಎದ್ದು ಕಾಣುತ್ತದೆ. ಅದು ಗುಂಡನೆಯ ಹಳೆ ಧಾನ್ಯದ ಮಾರುಕಟ್ಟೆ, ಆಮೇಲೆ ಸರಕು ವಿನಿಮಯ ಕೇಂದ್ರ. ಮೇಲೆ ಗಾಜಿನ ಗುಮ್ಮಟ. 2021ರಲ್ಲಿ ಮ್ಯೂಸಿಯಂ ಆಗಿ ತೆರೆದಾಗ ಜಪಾನಿನ ವಾಸ್ತುಶಿಲ್ಪಿ ತಡಾವೊ ಆಂಡೊ ಅದರೊಳಗೆ ಕಾಂಕ್ರೀಟಿನ ಇನ್ನೊಂದು ಗುಂಡು ಗೋಡೆ ನಿಲ್ಲಿಸಿದ್ದರು. ಅಡ್ಡಗಲ 29 ಮೀಟರ್, ಎತ್ತರ 9 ಮೀಟರ್. ಹಳೆ ಗೋಡೆಗೂ ಅದಕ್ಕೂ ನಡುವೆ ಓಡಾಡುವಷ್ಟು ಜಾಗ. ಆ ಓಣಿಯಲ್ಲಿ ನಡೆದರೆ ಒಂದು ಕೈಗೆ 19ನೇ ಶತಮಾನ, ಇನ್ನೊಂದು ಕೈಗೆ ನಯವಾದ ಬೂದು ಕಾಂಕ್ರೀಟು. ನಮ್ಮ ಎರಡು ಬೆರಳಿನ ಸಂದಿಯನ್ನೇ ಅವರು ಮನುಷ್ಯ ನಡೆಯುವಷ್ಟು ಅಗಲ ಮಾಡಿದ್ದಾರೆ.

ಕೇಪ್‌ಟೌನ್‌ನ ಜೈಟ್ಜ್ ಮೋಕಾದಲ್ಲಿ ಬೇರೆಯೇ ದಾರಿ. ಅದು ಸೈಲೊ, ಅಂದರೆ ಧಾನ್ಯ ತುಂಬಿಡುವ ಎತ್ತರದ ಕಣಜ. ಒಂದಕ್ಕೊಂದು ಅಂಟಿಕೊಂಡ 42 ಕಾಂಕ್ರೀಟ್ ಕೊಳವೆಗಳು. ಒಳಗೆ ಕೋಣೆಯೇ ಇಲ್ಲ, ಕಿಟಕಿಯೇ ಇಲ್ಲ. ಮ್ಯೂಸಿಯಂ ಮಾಡಬೇಕು ಅಂದರೆ ಕೊಯ್ಯದೆ ವಿಧಿಯಿಲ್ಲ. ಒಂದು ಮೆಕ್ಕೆಜೋಳದ ಕಾಳಿನ ಆಕಾರವನ್ನು ಅಳೆದು, ಹಿಗ್ಗಿಸಿ, ಆ ಆಕಾರದ ಟೊಳ್ಳನ್ನು ಕೊಳವೆಗಳ ಮಧ್ಯೆ ಕೊರೆದರು. 2017ರಲ್ಲಿ ತೆರೆಯಿತು. ಕೊಯ್ದ ಅಂಚುಗಳನ್ನು ಬಣ್ಣ ಬಳಿದು ಮುಚ್ಚಿಲ್ಲ, ಪಾಲಿಶ್ ಮಾಡಿ ಬಿಟ್ಟಿದ್ದಾರೆ. ಯಾವ ಕಾಳನ್ನು ಕೂಡಿಡಲು ಕಟ್ಟಡ ಎದ್ದಿತೋ ಅದೇ ಕಾಳಿನ ಆಕಾರ ಅದರ ಹೊಟ್ಟೆಯಲ್ಲಿದೆ.

ಇಟಲಿಯ ಟ್ಯೂರಿನ್ ಹತ್ತಿರದ ಕಾಸ್ಟೆಲ್ಲೊ ದಿ ರಿವೊಲಿ ರಾಜಮನೆತನದ ಅರಮನೆ. 18ನೇ ಶತಮಾನದಲ್ಲಿ ಹೊಸದಾಗಿ ಕಟ್ಟಲು ಹೊರಟು ಅರ್ಧಕ್ಕೇ ನಿಂತಿತು. 1984ರಲ್ಲಿ ಸಮಕಾಲೀನ ಕಲೆಯ ಮ್ಯೂಸಿಯಂ ಆದಾಗ ಆ ಅರ್ಧವನ್ನು ಪೂರ್ತಿ ಮಾಡಲಿಲ್ಲ, ಹಾಗೇ ಬಿಟ್ಟರು. ಮೊಂಡು ಕಂಬಗಳು ಇವತ್ತಿಗೂ ಹೊರಗೆ ನಿಂತಿವೆ. ಆ ನಿರ್ಧಾರ ನನಗೆ ತುಂಬಾ ಹಿಡಿಸುತ್ತದೆ.

ಬಾಗಿಲು ಎಷ್ಟಗಲ?

ಒಂದು ಘಟನೆ ಹೇಳುತ್ತೇನೆ. ಒಬ್ಬ ಕಲಾವಿದೆ ಹಳೆ ಮನೆಗಳ ಕಿಟಕಿ ಚೌಕಟ್ಟುಗಳನ್ನು ಕೂಡಿಸಿ ಮಾಡಿದ ದೊಡ್ಡ ಕೆಲಸ ಬರುವುದಿತ್ತು. ನಡುಕೋಣೆಗೆ. ನಾನೇ ಬಾಗಿಲು ಅಳೆದು ಕೊಟ್ಟಿದ್ದೆ. ಅಳೆದದ್ದು ಹೊಸ್ತಿಲ ಹತ್ತಿರ. ಹಳೆ ಬಾಗಿಲವಾಡ ಕಾಲಕಾಲಕ್ಕೆ ಸೊಟ್ಟಗಾಗುತ್ತದೆ. ಮೇಲೆ, ತಲೆಯ ಮಟ್ಟದಲ್ಲಿ, ಮೂರು ಬೆರಳು ಕಮ್ಮಿ ಇತ್ತು. ಆರು ಜನ ಹೊತ್ತು ತಂದೆವು. ಬಾಗಿಲಲ್ಲಿ ಸಿಕ್ಕಿಕೊಂಡಿತು. ಓರೆ ಮಾಡಿ ನೋಡಿದೆವು, ಮಲಗಿಸಿ ನೋಡಿದೆವು. ಆಗಲಿಲ್ಲ. ಕೊನೆಗೆ ಜಗಲಿಯ ಮೇಲೆ ಇಳಿಸಿ, ಕಂಬಳಿ ಹಾಸಿ, ಒರಗಿಸಿ ನಿಂತೆವು. ನನಗೆ ಅವರ ಮುಖ ನೋಡುವ ಧೈರ್ಯ ಇರಲಿಲ್ಲ.

ಅವರು ಬಹಳ ಹೊತ್ತು ಸುಮ್ನೆ ನಿಂತರು. ಜಗಲಿಯ ಕಂಬಗಳ ನೆರಳು ಆ ಚೌಕಟ್ಟುಗಳ ಮೇಲೆ ಬಿದ್ದಿತ್ತು. ಗಾಜಿಲ್ಲದ ಕಿಟಕಿಗಳಲ್ಲಿ ಅಂಗಳದ ಮರ ತುಂಡು ತುಂಡಾಗಿ ಕಾಣುತ್ತಿತ್ತು. "ಇಲ್ಲೇ ಇರಲಿ ಅಣ್ಣ," ಅಂದರು. "ಒಳಗೆ ಹೋದರೆ ಇದಕ್ಕೆ ಹೊರಗು ಕಾಣಲ್ಲ."

ಆ ಪ್ರದರ್ಶನದಲ್ಲಿ ಜನ ಜಾಸ್ತಿ ಹೊತ್ತು ನಿಂತದ್ದು ಜಗಲಿಯಲ್ಲೇ. ಮಳೆ ನೀರು ತಾಗದ ಹಾಗೆ ರಾತ್ರಿ ಟಾರ್ಪಾಲು ಹೊದಿಸುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಅಂದಿನಿಂದ ಅಳೆಯುವಾಗ ಮೂರು ಕಡೆ ಅಳೆಯುತ್ತೇನೆ: ಕೆಳಗೆ, ನಡುವೆ, ಮೇಲೆ.

ನಿಮಗೆ ಇದರಿಂದ ಸಿಗುವ ಉಪಾಯ ಇಷ್ಟು. ದೊಡ್ಡ ಕಲಾಕೃತಿ ಕಂಡಾಗ ತಿರುಗಿ ಬಾಗಿಲು ನೋಡಿ. "ಇದು ಒಳಗೆ ಹೇಗೆ ಬಂತು?" ಅಂತ ಕೇಳಿಕೊಳ್ಳಿ. ಬಿಡಿ ಬಿಡಿಯಾಗಿ ಬಂದು ಇಲ್ಲೇ ಜೋಡಣೆ ಆಯಿತಾ? ಸುರುಳಿ ಸುತ್ತಿ ತಂದರಾ? ಇಲ್ಲೇ ಹುಟ್ಟಿತಾ? ಈ ಪ್ರಶ್ನೆ ಹಿಡಿದು ಹೊರಟರೆ ಕಲಾಕೃತಿ ಹೇಗೆ ಮಾಡಿದ್ದು ಅನ್ನೋದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಗಾರ್ಡ್‌ಗೂ ಈ ಪ್ರಶ್ನೆ ಇಷ್ಟ. "ಇದರ ಅರ್ಥ ಏನು?" ಅಂದರೆ ಅವರು ಲೇಬಲ್ ಕಡೆ ಕೈ ತೋರಿಸುತ್ತಾರೆ. "ಇದನ್ನ ಹೇಗೆ ಒಳಗೆ ತಂದ್ರಿ?" ಅಂದರೆ ಕುರ್ಚಿಯಿಂದ ಎದ್ದು ಬರುತ್ತಾರೆ.

ಇದು ಬೇರೆ ಕಡೆ ಇದ್ದಿದ್ದರೆ?

ಈಗ ಕಲಾಕೃತಿಗಳ ಹತ್ತಿರ ಹೋಗಿ. ಪ್ರತಿಯೊಂದರ ಮುಂದೂ ಒಂದೇ ಪರೀಕ್ಷೆ ಮಾಡಿ. ಇದನ್ನೇ ಎತ್ತಿ ಹೊಸ ಕಾಂಕ್ರೀಟ್ ಕಟ್ಟಡದ ಬಿಳಿ ಕೋಣೆಯಲ್ಲಿ ಇಟ್ಟರೆ ಏನು ಕಳೆದುಕೊಳ್ಳುತ್ತದೆ?

ಕೆಲವು ಏನೂ ಕಳೆದುಕೊಳ್ಳುವುದಿಲ್ಲ. ಅವು ನೆಂಟರ ಹಾಗೆ ಬಂದವು, ಹೋಗುತ್ತವೆ. ತಪ್ಪೇನಿಲ್ಲ.

ಕೆಲವು ಬೇರೆ ಕಡೆಗೂ ಹೋಗುತ್ತವೆ, ಆದರೆ ಹಳೆ ಕಟ್ಟಡದಲ್ಲಿ ಅವಕ್ಕೆ ಇನ್ನೊಂದು ಜೀವ ಬರುತ್ತದೆ. ರಿವೊಲಿ ಅರಮನೆಯಲ್ಲಿ ಮೌರಿಜಿಯೊ ಕಟೆಲಾನ್ ಅವರ 1997ರ ಒಂದು ಕೆಲಸ ಇದೆ. ಸತ್ತ ಕುದುರೆಯೊಂದರ ಚರ್ಮ ಹದಮಾಡಿ, ಒಳಗೆ ತುಂಬಿ, ಚಾವಣಿಯಿಂದ ನೇತುಹಾಕಿದ್ದಾರೆ. ಕಾಲುಗಳು ಉದ್ದಕ್ಕೆ ಜೋತುಬಿದ್ದಿವೆ, ತಲೆ ಕೆಳಗೆ. ಮೇಲೆ ನೋಡಿದರೆ ಚಿತ್ತಾರದ ರಾಜವೈಭವದ ಚಾವಣಿ. ಖಾಲಿ ಉಗ್ರಾಣದಲ್ಲಿ ಅದು ಸತ್ತ ಕುದುರೆ. ಅರಮನೆಯಲ್ಲಿ ರಾಜರ ಕುದುರೆ ಸವಾರಿಯ ನೆನಪೆಲ್ಲ ಅದರ ಜೊತೆ ಜೋತಾಡುತ್ತದೆ. ಬೂರ್ಸ್ ದ ಕೊಮರ್ಸ್ ತೆರೆದಾಗ ಗುಮ್ಮಟದ ಕೆಳಗೆ ಉರ್ಸ್ ಫಿಷರ್ 16ನೇ ಶತಮಾನದ ಶಿಲ್ಪಿ ಜಾಂಬೊಲೊನ್ಯಾನ ಪ್ರಸಿದ್ಧ ಶಿಲ್ಪವೊಂದನ್ನು ಮೇಣದಲ್ಲಿ ಎರಕ ಹೊಯ್ದು ನಿಲ್ಲಿಸಿದ್ದರು. ಒಳಗೆ ಬತ್ತಿ ಇತ್ತು. ಹಚ್ಚಿದರು. ತಿಂಗಳುಗಟ್ಟಲೆ ಉರಿದು ಕರಗಿತು. ಶತಮಾನಗಳು ಬಾಳಿದ ಕಟ್ಟಡದ ನಟ್ಟನಡುವೆ ಮೇಣದ ಶಿಲ್ಪ ಬಾಳಿದ್ದು ಅಷ್ಟೇ ದಿನ.

ಮೂರನೆಯವು ಆ ಕಟ್ಟಡ ಬಿಟ್ಟರೆ ಇಲ್ಲವೇ ಇಲ್ಲ. ನನ್ನ ಮನಸ್ಸು ಇವುಗಳ ಕಡೆಗೇ. ಪಿ.ಎಸ್. 1ರಲ್ಲಿ 1976ರ ಮೊದಲ ಪ್ರದರ್ಶನಕ್ಕೆ ಕಲಾವಿದರಿಗೆ ಪಾಳುಬಿದ್ದ ಶಾಲೆಯನ್ನೇ ಬಿಟ್ಟುಕೊಟ್ಟಿದ್ದರು. ಅಲನ್ ಸಾರೆಟ್ ಅನ್ನುವವರು ಇಟ್ಟಿಗೆ ಗೋಡೆಯಲ್ಲಿ ಒಂದು ತೂತು ಕೊರೆದರು. ಬಿಸಿಲು ಅದರಲ್ಲಿ ಇಳಿಯುತ್ತದೆ. ಕಲಾಕೃತಿ ಅಂದರೆ ಅಷ್ಟೇ, ಇನ್ನೂ ಇದೆ. ಅಲ್ಲೇ ನೆಲದ ಹಲಗೆಯಲ್ಲಿ ಇನ್ನೊಂದು ಸಣ್ಣ ತೂತು. ಅದರೊಳಗೆ ಪುಟ್ಟ ಪರದೆ. ಪಿಪಿಲೊಟ್ಟಿ ರಿಸ್ಟ್ ಅವರ 1994ರ ವಿಡಿಯೊ. ವಿಡಿಯೊ ಬೇರೆ ಕಡೆಗೂ ಹೋಗುತ್ತದೆ, ಈ ತೂತು ಮಾತ್ರ ಇಲ್ಲಿಯದೇ. ಉರಿಯುವ ಲಾವಾದ ಮಧ್ಯೆ ನಿಂತ ಹೆಂಗಸು ಮೇಲೆ ನೋಡಿ ಕೂಗುತ್ತಿರುತ್ತಾಳೆ. ನೆಲ ನೋಡದೆ ನಡೆಯುವವರು ಅವಳನ್ನು ದಾಟಿಕೊಂಡೇ ಹೋಗುತ್ತಾರೆ. ಮೊದಲ ಹತ್ತು ನಿಮಿಷ ನೆಲ ನೋಡಿ ಅಂದದ್ದು ಅದಕ್ಕೂ ಸೇರಿ.

ಬೆಳಕು, ಸದ್ದು

"ಯಾಕಿಷ್ಟು ಕತ್ತಲು?" ಅಂತ ತುಂಬಾ ಜನ ಕೇಳುತ್ತಾರೆ. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಕಾಗದ, ಬಟ್ಟೆ, ಜಲವರ್ಣಕ್ಕೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬಿಡುವುದಿಲ್ಲ. ತೈಲವರ್ಣಕ್ಕೆ ಸುಮಾರು 200. ಬಿಸಿಲಲ್ಲಿ ಇದು ಹತ್ತಾರು ಸಾವಿರ ಲಕ್ಸ್ ಇರುತ್ತದೆ. ಬಣ್ಣ ಒಮ್ಮೆ ಮಾಸಿದರೆ ವಾಪಸ್ ಬರುವುದಿಲ್ಲ. ಹಳೆ ಕಟ್ಟಡಗಳಿಗೆ ದೊಡ್ಡ ಕಿಟಕಿಗಳು, ಅದಕ್ಕೇ ಅಲ್ಲೆಲ್ಲ ಪರದೆ. ಹೊರಗಿನಿಂದ ಬಂದ ಕೂಡಲೇ ಕತ್ತಲೆ ಕೋಣೆಗೆ ನುಗ್ಗಬೇಡಿ. ಐದು ನಿಮಿಷ ಮೊಗಸಾಲೆಯಲ್ಲಿ ನಿಲ್ಲಿ, ಕಣ್ಣು ಹೊಂದಿಕೊಳ್ಳಲಿ. ಅದೇ 50 ಲಕ್ಸ್‌ನಲ್ಲಿ ಪೆನ್ಸಿಲ್ ಗೆರೆ ಕೂಡ ಕಾಣುತ್ತದೆ.

ಕೆಲವು ಕಡೆ ಇದರ ಉಲ್ಟಾ. ನ್ಯೂಯಾರ್ಕ್ ರಾಜ್ಯದ ದಿಯಾ ಬೀಕನ್ 1929ರ ಕಾರ್ಖಾನೆ, ಬಿಸ್ಕತ್ತಿನ ಪೆಟ್ಟಿಗೆ ಮುದ್ರಿಸುತ್ತಿದ್ದ ಜಾಗ. ಮುದ್ರಣದವರಿಗೆ ಒಂದೇ ಸಮನಾದ ಬೆಳಕು ಬೇಕಿತ್ತು, ಅದಕ್ಕೆ ಚಾವಣಿಯಲ್ಲೇ ಸಾಲು ಸಾಲು ಗಾಜು. 2003ರಲ್ಲಿ ಮ್ಯೂಸಿಯಂ ಆದ ಮೇಲೂ ಹೆಚ್ಚಿನ ಕೋಣೆಗಳಿಗೆ ಆ ಹಗಲೇ ದೀಪ. ಇಂಥ ಕಡೆ ಸಂಜೆ ಹೋಗಬೇಡಿ, ಬೆಳಿಗ್ಗೆಯೇ ಹೋಗಿ.

ಇನ್ನು ಕಿವಿ. ಕಾರ್ಖಾನೆ, ಸ್ಥಾವರ, ನಿಲ್ದಾಣ ಇವಕ್ಕೆಲ್ಲ ತಮ್ಮದೇ ಸದ್ದಿದೆ. ಟರ್ಬೈನ್ ಹಾಲ್‌ನಲ್ಲಿ ಟ್ರಾನ್ಸ್‌ಫಾರ್ಮರ್‌ಗಳ ಗುಂಯ್‌ಗುಡುವ ಸದ್ದು ಇರುತ್ತಿತ್ತು. 2004ರಲ್ಲಿ ಬ್ರೂಸ್ ನೌಮನ್ ಅಷ್ಟು ದೊಡ್ಡ ಹಾಲನ್ನು ಖಾಲಿಯೇ ಬಿಟ್ಟು, ಗೋಡೆಗುಂಟ ಸ್ಪೀಕರ್ ಇಟ್ಟು ಮನುಷ್ಯರ ದನಿಗಳನ್ನು ಮಾತ್ರ ತುಂಬಿದರು. ಕೋಣೆಗೆ ಬಂದಾಗ ಒಮ್ಮೆ ಕಣ್ಣು ಮುಚ್ಚಿ ನಿಂತು ನೋಡಿ. ಮರದ ನೆಲದ ಕೋಣೆಯಲ್ಲಿ ನಿಮ್ಮ ಹೆಜ್ಜೆ ಕೇಳುತ್ತದೆ, ಕಲ್ಲಿನ ಕೋಣೆಯಲ್ಲಿ ಪಕ್ಕದ ಕೋಣೆಯವರ ಮಾತು ಕೇಳುತ್ತದೆ.

ಲೇಬಲ್ ಕೊನೆಗೆ

ಲೇಬಲ್ ಓದಬೇಡಿ ಅಂತ ನಾನು ಹೇಳುವುದಿಲ್ಲ. ಕೊನೆಗೆ ಓದಿ. ಓದುವಾಗ ಉದ್ದದ ವಿವರಣೆಗಿಂತ ಮೂರು ಸಾಲು ಮುಖ್ಯ: ವರ್ಷ, ಏನೇನು ಬಳಸಿದ್ದಾರೆ, ಅಳತೆ. ಅಳತೆಯ ಜಾಗದಲ್ಲಿ "ಜಾಗಕ್ಕೆ ತಕ್ಕಂತೆ" ಅಂತ ಇದ್ದರೆ ಕಟ್ಟಡವೂ ಅದರ ಅರ್ಧ ಕರ್ತೃ ಅಂತ ತಿಳಿಯಿರಿ. ಅದನ್ನು ಹೋದಲ್ಲೆಲ್ಲ ಹೊಸದಾಗಿ ಜೋಡಿಸುತ್ತಾರೆ. ಜೋಡಿಸುವವರು ಹೆಚ್ಚಾಗಿ ನನ್ನಂಥವರು, ಕೈಯಲ್ಲಿ ಕಲಾವಿದರು ಕೊಟ್ಟ ಸೂಚನೆಯ ಹಾಳೆ. ಸಾಲ್ ಲೆವಿಟ್ ಅವರ ಗೋಡೆಚಿತ್ರಗಳೆಲ್ಲ ಹೀಗೇ. ಅವರು ಬರೆದಿಟ್ಟದ್ದು ಸೂಚನೆ, ಗೆರೆ ಎಳೆಯುವವರು ಬೇರೆಯವರು. ಅಮೆರಿಕದ ಮಾಸ್ ಮೋಕಾ ಅನ್ನುವ ಮ್ಯೂಸಿಯಂ ಹಳೆ ಕಾರ್ಖಾನೆಗಳ ಗುಂಪಿನಲ್ಲಿದೆ. 2008ರಲ್ಲಿ ಅಲ್ಲಿನ ಒಂದು ಕಟ್ಟಡದ ತುಂಬ ಅವರ 105 ಗೋಡೆಚಿತ್ರಗಳು ಸಿದ್ಧವಾದವು. ಅವರು ತೀರಿಕೊಂಡದ್ದು 2007ರಲ್ಲಿ.

ವಿಡಿಯೊ ಇದ್ದರೆ ಅವಧಿ ನೋಡಿ. ಎಂಟು ನಿಮಿಷ ಅಂತಿದ್ದರೆ ಎಂಟು ನಿಮಿಷ ಕೂತುಬಿಡಿ. ಮಧ್ಯದಲ್ಲಿ ಬಂದರೂ ಚಿಂತೆಯಿಲ್ಲ. ನೀವು ಬಂದಾಗ ಇದ್ದ ದೃಶ್ಯ ಮತ್ತೆ ಬರುವ ತನಕ ಕೂತರೆ ಪೂರ್ತಿ ನೋಡಿದ ಹಾಗೆ. ನಲವತ್ತು ನಿಮಿಷ ಅಂತಿದ್ದರೆ ನಿಮ್ಮ ಮನಸ್ಸು.

ಚೀಲ ಬೆನ್ನಿಗೆ ಬೇಡ, ಎದೆಗೆ ಹಾಕಿಕೊಳ್ಳಿ. ತಿರುಗುವಾಗ ನಿಮಗೆ ಗೊತ್ತಾಗದೆ ತಾಗುವುದು ಅದೇ. ಮೆತ್ತನೆ ಚಪ್ಪಲಿ ಅಥವಾ ಶೂ ಇರಲಿ, ಹಳೆ ನೆಲ ಸಮ ಇರುವುದಿಲ್ಲ. ಗೋಡೆಗೆ ಒರಗಬೇಡಿ. ಕಲಾಕೃತಿ ಮುಟ್ಟಬಾರದು ಅಂತ ಎಲ್ಲರಿಗೂ ಗೊತ್ತು, ಗೋಡೆಯನ್ನೂ ಮುಟ್ಟಬಾರದು ಅನ್ನೋದು ಗೊತ್ತಿರುವುದಿಲ್ಲ. ಕೈ ಜಿಡ್ಡು ಸುಣ್ಣದ ಮೇಲೆ ಕೂತರೆ ಹೋಗುವುದಿಲ್ಲ. ಒಂದು ಮೂಲೆಯಲ್ಲಿ ಭುಜದ ಎತ್ತರಕ್ಕೆ ಕಂದು ಕಲೆ ಕಟ್ಟಿತ್ತು. ಸಾವಿರಾರು ಜನ ಅಲ್ಲೇ ಒರಗಿ ಫೋನ್ ನೋಡಿದ ಗುರುತು. ಅದನ್ನು ಬಿಡಿಸಲು ತಜ್ಞರು ಹತ್ತಿಯ ಉಂಡೆ ಹಿಡಿದು ನಾಲ್ಕು ದಿನ ಕೂತಿದ್ದರು.

ಮಕ್ಕಳನ್ನು ಕರೆದುಕೊಂಡು ಹೋದರೆ ಅವರಿಗೆ ಒಂದು ಕೆಲಸ ಕೊಡಿ. "ಈ ಮನೇಲಿ ಮುಚ್ಚಿಹಾಕಿದ ಬಾಗಿಲು ಎಷ್ಟಿವೆ, ಹುಡುಕು." ಗಾರೆಯ ಕೆಳಗೆ ಕಮಾನಿನ ಅಂಚು ಉಬ್ಬಿರುತ್ತದೆ, ಅದು ಮಕ್ಕಳ ಕಣ್ಣಿಗೆ ಬೇಗ ಬೀಳುತ್ತದೆ. ಹುಡುಕುತ್ತಾ ಹುಡುಕುತ್ತಾ ಅವರು ಎಲ್ಲಾ ಕಲಾಕೃತಿಗಳನ್ನೂ ದಾಟುತ್ತಾರೆ. ಎರಡು ಮೂರರ ಮುಂದೆ ತಾವಾಗಿಯೇ ನಿಲ್ಲುತ್ತಾರೆ. ಅಷ್ಟು ಸಾಕು. ಎಳೆದಾಡಬೇಡಿ.

ನೀವೂ ಎಲ್ಲವನ್ನೂ ನೋಡಲು ಹೋಗಬೇಡಿ. ಮೂರು ಕೋಣೆ ಸಾಕು ಒಂದು ಸಲಕ್ಕೆ. ಯಾವುದು ಇಷ್ಟ ಆಗಲಿಲ್ಲವೋ ಅದರ ಮುಂದೆ ಬೇಕಾದರೆ ಐದು ನಿಮಿಷ ಜಾಸ್ತಿ ನಿಲ್ಲಿ. ಆಮೇಲೂ ಇಷ್ಟ ಆಗದಿದ್ದರೆ ಬಿಟ್ಟುಬಿಡಿ, ನನಗೂ ಹಾಗೆ ಇಷ್ಟ ಆಗದವು ತುಂಬಾ ಇದ್ದವು. ಅವನ್ನೂ ಅಷ್ಟೇ ಜೋಪಾನವಾಗಿ ತೂಗುಹಾಕಿದ್ದೇನೆ, ನೆಲದಿಂದ ಚಿತ್ರದ ನಡುಮಧ್ಯಕ್ಕೆ 150 ಸೆಂಟಿಮೀಟರ್, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವ ತನಕ.

ಹೊರಡುವ ಮೊದಲು ಮೊದಲನೇ ಕೋಣೆಗೆ ಇನ್ನೊಮ್ಮೆ ಹೋಗಿ. ಬೆಳಕು ಅಷ್ಟರಲ್ಲಿ ಪಕ್ಕಕ್ಕೆ ವಾಲಿರುತ್ತದೆ. ಬಿಳಿ ಸುಳ್ಳು ಗೋಡೆಯ ಹತ್ತಿರ, ಕೆನ್ನೆ ತಾಗದಷ್ಟು ದೂರದಲ್ಲಿ ನಿಂತು, ಗೋಡೆಗುಂಟ ಕಣ್ಣು ಓಡಿಸಿ. ಅಲ್ಲಲ್ಲಿ ಕಾಳಿನಷ್ಟು ದೊಡ್ಡ ಗುಂಡು ಗುರುತುಗಳು ಕಾಣುತ್ತವೆ, ಅಲ್ಲಿ ಬಿಳಿ ಸ್ವಲ್ಪ ಬೇರೆ. ಹಿಂದಿನ ಪ್ರದರ್ಶನಗಳ ಸ್ಕ್ರೂ ತೂತುಗಳವು, ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಬಳಿದದ್ದು. ಎರಡೆರಡು ಒಂದೇ ಎತ್ತರದಲ್ಲಿ ಇದ್ದರೆ ಅಲ್ಲೊಂದು ಚಿತ್ರ ಇತ್ತು. ಎರಡರ ನಡುವಿನ ದೂರ ಅಳೆದರೆ ಆ ಚಿತ್ರ ಎಷ್ಟಗಲ ಇದ್ದಿರಬಹುದು ಅಂತ ಅಂದಾಜು ಸಿಗುತ್ತದೆ.